ಬೆನ್ನ ಹಿಂದಿನ ಊರು

ಪುಟ್ಟಿ,

ಶುಕ್ರವಾರ ರಾತ್ರಿ ನೀನು ಕಂಪ್ಯೂಟರಿನಲ್ಲಿ ಮಾಡಿ ಕಳಿಸಿದ ಮನೆಯ ಚಿತ್ರವನ್ನು ಮೊದಲು ಫೋನಿನಲ್ಲೇ ನೋಡಿದೆ. ನಿನ್ನ ದೊಡ್ಡಮ್ಮ ಪಕ್ಕದಿಂದ ಇಣುಕಿ, "ಇದು ತೆಗೆದ ಫೋಟೋನಾ, ನಮ್ಮ ಪುಟ್ಟಿ ಮಾಡಿದ್ದಾ?" ಎಂದಳು. ಆ ಅನುಮಾನ ಬಂತೆಂದರೆ ಅರ್ಧ ಗೆದ್ದ ಹಾಗೆ. ಖುಷಿಯಿಂದ ಹೆಬ್ಬೆರಳಿನ ಗುರುತು ಒತ್ತಿ ಮಲಗಿಬಿಟ್ಟೆ. ಬೆಳಗ್ಗೆ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತೇನೆ, ಮೊದಲ ಮಹಡಿಯ ಬಲಗಡೆ ಕಿಟಕಿಯ ಗಾಜಿನಲ್ಲಿ ನಾಲ್ಕು ಪೈನ್ ಮರ! ಅವುಗಳ ಹಿಂದೆ ಹುಲ್ಲಿನ ಬಯಲು, ದೂರದಲ್ಲಿ ಕೊಟ್ಟಿಗೆಯಂಥದ್ದು ಏನೋ ಒಂದು.

ಮನೆ ಎದ್ದು ನಿಲ್ಲಬೇಕಾದದ್ದು ತುಮಕೂರಿನಲ್ಲಿ. 30×40 ಸೈಟು, ಮುಂದೆ 30 ಅಡಿ ರಸ್ತೆ, ರಸ್ತೆಯಾಚೆ ಯಾರದೋ ಎರಡಂತಸ್ತಿನ ಮನೆ. ಪೈನ್ ಮರ ಎಲ್ಲಿಂದ ಬಂತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆಕಾಶ ಬೇಕೆಂದು ಇಳಿಸಿಕೊಂಡ ಎಚ್‌ಡಿಆರ್‌ಐ ಫೈಲು ಯುರೋಪಿನ ಯಾವುದೋ ಹೊಲದ ನಡುವೆ ತೆಗೆದದ್ದು. ಆಕಾಶದ ಜೊತೆಗೆ ಆ ಹೊಲವೂ ಬಂದು ನಿನ್ನ ಗಾಜಿನಲ್ಲಿ ಕೂತಿದೆ.

"ಏನೋ ಕಮ್ಮಿ ಇದೆ ದೊಡ್ಡಪ್ಪ, ಏನು ಅಂತ ಗೊತ್ತಾಗ್ತಿಲ್ಲ" ಎಂದು ಬರೆದಿದ್ದೆಯಲ್ಲ, ನನಗೆ ಕಂಡದ್ದು ಇಷ್ಟು. ಮನೆಯನ್ನು ಚೊಕ್ಕವಾಗಿ ಕಟ್ಟಿದ್ದೀಯ. ಆ ಮನೆಯನ್ನು ನೋಡುತ್ತ ನಿಂತವರ ಬೆನ್ನ ಹಿಂದೆ ಮಾತ್ರ ಏನೂ ಕಟ್ಟಿಲ್ಲ. ಚಿತ್ರದಲ್ಲಿ ಕಾಣುವ ಬಿಸಿಲು, ನೆರಳು, ಗಾಜಿನ ಬಿಂಬ, ಗೋಡೆಯ ಕಲೆ ಎಲ್ಲವೂ ಚೌಕಟ್ಟಿನ ಆಚೆಯಿಂದ ಬರುವಂಥವು. ಆಚೆ ಖಾಲಿ ಬಿಟ್ಟರೆ ಈಚೆ ಎಷ್ಟು ಕುಸುರಿ ಮಾಡಿದರೂ ಮನೆ ನೆಲಕ್ಕೆ ಕಾಲೂರುವುದಿಲ್ಲ.

ಸೂರ್ಯನಿಂದ ಶುರು ಮಾಡೋಣ. ಮನೆ ಉತ್ತರದ ಬಾಗಿಲಿನದು ಅಂತ ಪ್ಲಾನಿನಲ್ಲಿ ಬಾಣದ ಗುರುತು ಹಾಕಿದ್ದೀಯ. ಚಿತ್ರದಲ್ಲಿ ಮುಂದಿನ ಗೋಡೆಗೆ ಎಡಗಡೆಯಿಂದ ಹಳದಿ ಬಿಸಿಲು ಬಡಿದಿದೆ. ಗೇಟಿನ ಪಕ್ಕ ಗುಲಾಬಿ ಬಣ್ಣದ ಟಬೇಬುಯಾ ಮೈತುಂಬ ಹೂ ಬಿಟ್ಟು ನಿಂತಿದೆ. ನೋಡೋಕೆ ಚೆಂದ. ಆದರೆ ನಮ್ಮ ಕಡೆ ಆ ಮರ ಹಾಗೆ ಅರಳುವುದು ಜನವರಿ, ಫೆಬ್ರವರಿಯ ಹೊತ್ತಿಗೆ. ಆಗ ಸೂರ್ಯ ಹುಟ್ಟುವುದರಿಂದ ಮುಳುಗುವ ತನಕ ತೆಂಕಲಲ್ಲೇ ಇರುತ್ತಾನೆ. ಉತ್ತರದ ಗೋಡೆಗೆ ಒಂದು ಗೆರೆ ಬಿಸಿಲೂ ಬೀಳುವುದಿಲ್ಲ. ಹೂವು ಒಂದು ತಿಂಗಳನ್ನು ಹೇಳುತ್ತಿದೆ, ಬಿಸಿಲು ಇನ್ನೊಂದನ್ನು. ನೋಡುವವರು ಪಂಚಾಂಗ ತೆಗೆದು ಲೆಕ್ಕ ಹಾಕುವುದಿಲ್ಲ ನಿಜ. ಆದರೂ ಹುಟ್ಟಿದಾಗಿನಿಂದ ಈ ಬಿಸಿಲಲ್ಲೇ ಓಡಾಡಿದ ಕಣ್ಣುಗಳು ಅವರವು. "ಏನೋ ಸರಿಯಿಲ್ಲ" ಅಂತ ಒಳಗೊಳಗೇ ಅನ್ನಿಸುತ್ತದೆ.

ಕಾಲೇಜಿನಲ್ಲಿ ಸೈಯೋಗ್ರಫಿ ಅಂತ ಕಲಿಸುತ್ತಾರೆ: ಸೂರ್ಯ ಎಡಗಡೆ ಮೇಲಿನಿಂದ, 45 ಡಿಗ್ರಿಯಲ್ಲಿ. ಎರಡಡಿ ಸಜ್ಜಾಕ್ಕೆ ಎರಡಡಿ ನೆರಳು. ಎಲಿವೇಶನ್ ಓದಿಸಲು ಅದು ಒಳ್ಳೆಯ ಉಪಾಯ. ಅದನ್ನೇ ಅಭ್ಯಾಸಬಲದಿಂದ ರೆಂಡರಿಗೂ ತಂದು ಹಾಕಿದ್ದೀಯ ಅಂತ ನನ್ನ ಗುಮಾನಿ. ನಾವಿರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳೇ ಮಾಯವಾಗುತ್ತದೆ. ಆ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ನೋಡಿದರೆ ನಡುಹಗಲಿಗೂ 54 ಡಿಗ್ರಿಗಿಂತ ಮೇಲೇರುವುದಿಲ್ಲ, ದಕ್ಷಿಣದ ಕಿಟಕಿಯಿಂದ ಒಳಮನೆವರೆಗೂ ಕಾಲು ಚಾಚುತ್ತಾನೆ.

ಹಾಗಾದರೆ ಉತ್ತರದ ಮನೆಗೆ ಬಿಸಿಲೇ ಇಲ್ಲವೇ? ಇದೆ, ಬೇರೆ ಥರದ್ದು. ಮೇ ತಿಂಗಳ ಕೊನೆಯಲ್ಲಿ ಸೂರ್ಯ ಪೂರ್ವಕ್ಕಿಂತ 20 ಡಿಗ್ರಿಗೂ ಹೆಚ್ಚು ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಬೆಳಗ್ಗೆ ಏಳು ಏಳೂವರೆಗೆ ಆ ಬಿಸಿಲು ಉತ್ತರದ ಗೋಡೆಗೆ ಎದುರಿನಿಂದ ಬೀಳದೆ, ಪಕ್ಕದಿಂದ ಸವರಿಕೊಂಡು ಹೋಗುತ್ತದೆ. ಸವರುವ ಬೆಳಕಿನಷ್ಟು ಚಾಡಿಕೋರ ಇನ್ನೊಂದಿಲ್ಲ ಕಣಮ್ಮ. ಮೇಸ್ತ್ರಿ ಮಟ್ಟಗೋಲು ಎಲ್ಲಿ ಸರಿಯಾಗಿ ಎಳೆದಿಲ್ಲ, ಕಲ್ಲಿನ ಉಳಿಗುರುತು ಎಷ್ಟು ಆಳ, ಕಿಟಕಿ ಚೌಕಟ್ಟು ಗೋಡೆಯಿಂದ ಎಷ್ಟು ಒಳಗೆ ಕೂತಿದೆ ಎಲ್ಲವನ್ನೂ ಒದರಿಬಿಡುತ್ತದೆ. ನೀನು ಮುಂಭಾಗಕ್ಕೆ ಸಾದರಹಳ್ಳಿ ಕಲ್ಲು ಹಾಕಿದ್ದೀಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಬೆಳಕು ಸಿಗದು. ಟಬೇಬುಯಾ ತೆಗೆದು ಗುಲ್‌ಮೊಹರ್ ನೆಡು. ಮೇ ತಿಂಗಳಿಗೆ ಕೆಂಪಗೆ ಉರಿಯುತ್ತಿರುತ್ತದೆ, ಹೂವೂ ಬಿಸಿಲೂ ಒಂದೇ ಮಾತಾಡುತ್ತವೆ.

ಅದು ಬೇಡವೆಂದರೆ ದೀಪ ಹಚ್ಚುವ ಹೊತ್ತು ಇದೆ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬೇಗ ಮುಗಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಆಕಾಶದ ನೀಲಿಯೂ ಒಳಗಿನ ದೀಪವೂ ಸರಿಸಮ ತೂಗುವುದು ಹತ್ತು ಹದಿನೈದು ನಿಮಿಷ, ಅಷ್ಟೇ. ದೀಪಕ್ಕೆ 2700 ಕೆಲ್ವಿನ್ ಕೊಡು, ಎಲ್ಲ ಕೋಣೆಗೂ ಹಚ್ಚಬೇಡ. ನಮ್ಮ ಯಾವ ಮನೆಯಲ್ಲಿ ಸಂಜೆ ಎಲ್ಲ ಕೋಣೆಯ ದೀಪ ಉರಿಯಲು ಬಿಡುತ್ತಾರೆ ಹೇಳು? ಅಡುಗೆಮನೆ, ನಡುಮನೆ, ಮೆಟ್ಟಿಲ ಮೇಲೊಂದು. ನಿನ್ನಜ್ಜಿ ಇದ್ದಿದ್ದರೆ ಮಿಕ್ಕಿದ್ದನ್ನೆಲ್ಲ ತಾನೇ ಹೋಗಿ ಆರಿಸಿ ಬರುತ್ತಿದ್ದಳು.

ಹೊತ್ತು ಒಂದೇ ಕಟ್ಟಡವನ್ನು ಎಷ್ಟು ಬದಲಿಸುತ್ತದೆ ಎಂದು ತಿಳಿಯಬೇಕಾದರೆ ಒಂದು ಭಾನುವಾರ ಬೆಂಗಳೂರಿನ ಅಂಬೇಡ್ಕರ್ ವೀಧಿಗೆ ಹೋಗಿ ನಿಂತು ನೋಡು. ಒಂದು ಕಡೆ ವಿಧಾನಸೌಧ, ಇನ್ನೊಂದು ಕಡೆ ಅಠಾರ ಕಚೇರಿ. ಸೌಧದ 40 ಅಡಿಯ ಹನ್ನೆರಡು ಕಂಬಗಳು ಪೂರ್ವಕ್ಕೆ ಮುಖ ಮಾಡಿವೆ. ಬೆಳಗ್ಗೆ ಎಂಟಕ್ಕೆ ಒಂದೊಂದು ಕಂಬವೂ ತನ್ನ ನೆರಳನ್ನು ಹಿಂದಿನ ಗೋಡೆಗೆ ಎಸೆದು ಬೇರೆಯಾಗಿ ನಿಲ್ಲುತ್ತದೆ. ಸಂಜೆ ನಾಲ್ಕಕ್ಕೆ ಹೋದರೆ ಅದೇ ಕಟ್ಟಡ ಬೂದಿ ಬಣ್ಣದ ಒಂದು ಮುದ್ದೆ. ಆಗ ಹಿಂದೆ ತಿರುಗಿ ನೋಡಬೇಕು, ಕಚೇರಿಯ ಕೆಂಪು ಗೋಡೆ ರಸ್ತೆ ಕಡೆಯಿಂದ ಕೆಂಡದಂತಾಗಿರುತ್ತದೆ. ನನ್ನ ಗುರುಗಳು 1984ರಲ್ಲಿ ನನ್ನನ್ನು ಅಲ್ಲಿ ಬೆಳಗಿನಿಂದ ಸಂಜೆವರೆಗೂ ಕೂರಿಸಿ, ಒಂದೇ ಕಾಗದದಲ್ಲಿ ಎಂಟು ಸಣ್ಣ ಚೌಕ ಹಾಕಿಸಿ, ಗಂಟೆಗೊಂದರಂತೆ ನೆರಳನ್ನಷ್ಟೇ ಬರೆಸಿದ್ದರು. ಕಟ್ಟಡದ ಗೆರೆ ಎಳೆಯುವ ಹಾಗಿಲ್ಲ. ನೆರಳು ತುಂಬಿದರೆ ಕಟ್ಟಡ ತಾನಾಗಿ ಎದ್ದು ಬರಬೇಕು. ಮಧ್ಯಾಹ್ನ ಹನ್ನೆರಡರ ಚೌಕ ಎಷ್ಟು ಪೆಚ್ಚಾಗಿ ಬಂದಿತ್ತೆಂದರೆ ಇಂದಿಗೂ ನಾನು ಆ ಹೊತ್ತಿನ ಸೂರ್ಯನನ್ನು ಯಾವ ಚಿತ್ರಕ್ಕೂ ಕರೆದಿಲ್ಲ.

ನೆರಳಿನ ಅಂಚಿನ ಬಗ್ಗೆ ಒಂದು ಮಾತು. ಇದು ಸಣ್ಣ ವಿಷಯ, ಫೋಟೋದಂಥ ಚಿತ್ರಕ್ಕೂ ಪ್ಲಾಸ್ಟಿಕ್ಕಿನಂಥ ಚಿತ್ರಕ್ಕೂ ನಡುವಿನ ಗೆರೆ ಬಹಳ ಸಲ ಇಲ್ಲೇ ಇರುತ್ತದೆ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದಕ್ಕೇ ನೆರಳಿನ ಅಂಚು ದೂರ ಹೋದಷ್ಟೂ ಮಬ್ಬಾಗುತ್ತದೆ. ಸಜ್ಜಾದ ನೆರಳು ಎರಡು ಮೂರಡಿ ಕೆಳಗಿನ ಗೋಡೆಗೆ ಬಿದ್ದರೆ ಅಂಚಿನ ಮಬ್ಬು ಕಾಲು ಇಂಚು. ಮೇಲಿನ ಪ್ಯಾರಪೆಟ್ಟಿನ ನೆರಳು 30 ಅಡಿ ದೂರ ಹೋಗಿ ರಸ್ತೆಗೆ ಬಿದ್ದರೆ ಮೂರು ಇಂಚಿಗೂ ಮಿಕ್ಕಿ. ನಿನ್ನ ಚಿತ್ರದಲ್ಲಿ ಎರಡೂ ಬ್ಲೇಡಿನಲ್ಲಿ ಕೊಯ್ದ ಹಾಗಿವೆ. ನೀನು ಬಳಸುವ ವಿ-ರೇ ಸಾಫ್ಟ್‌ವೇರಿನಲ್ಲಿ ಸೂರ್ಯನಿಗೆ ಸೈಜ್ ಅಂತ ಒಂದು ಅಂಕಿ ಇದೆ, 1 ಇದ್ದರೆ ನಿಜದ ಸೂರ್ಯ. ನೀನೋ, ನಿನಗೆ ಆ ಸೀನ್ ಫೈಲು ಕೊಟ್ಟವರೋ ಅದನ್ನು ಸೊನ್ನೆಯ ಹತ್ತಿರ ತಂದಿಟ್ಟಿದ್ದೀರಿ. ಮರದ ಕೆಳಗಿನ ಬಿಸಿಲ ಚುಕ್ಕಿಗಳು ದುಂಡಗಿರುವುದೂ ಇದೇ ಕಾರಣಕ್ಕೆ. ಎಲೆಗಳ ಸಂದು ಯಾವ ಆಕಾರದ್ದೇ ಇರಲಿ, ನೆಲಕ್ಕೆ ಬೀಳುವುದು ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ದಿನ ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ನೂರಾರು ಕುಡುಗೋಲುಗಳು ಬಿದ್ದಿದ್ದವು. ನೀನೇ ಅಲ್ಲವೇ ಅದರ ಫೋಟೋ ತೆಗೆದು ನನಗೆ ತೋರಿಸಿದ್ದು?

ಆ ಹೊಂಗೆಯನ್ನೇ ಈಗ ಕೆಲಸಕ್ಕೆ ಕರಿ. ಎದುರು ಸಾಲಿನಲ್ಲಿ, ಕ್ಯಾಮೆರಾದ ಹಿಂದೆ, ಚಿತ್ರದಲ್ಲಿ ಕಾಣದ ಕಡೆ ಒಂದು ಮರ ನೆಡು. ಮರ ಕಾಣಬೇಕಿಲ್ಲ, ಅದರ ನೆರಳು ಮಾತ್ರ ರಸ್ತೆಯ ಮೇಲೆ ಹಾಸಿ, ಕಾಂಪೌಂಡಿನ ಬುಡಕ್ಕೆ ತಾಗಿ ನಿಲ್ಲಬೇಕು. ಮುಂದೆ ಕತ್ತಲು, ಹಿಂದೆ ಬೆಳಕು. ನಾಟಕದ ಕಂಪನಿಯವರು ಪ್ರೇಕ್ಷಕರ ಕಡೆ ದೀಪ ಆರಿಸುವುದು ಇನ್ಯಾಕೆ? ಈ ಒಂದು ಕೆಲಸಕ್ಕೆ ನಿನ್ನ ಅರ್ಧ ಗಂಟೆ ಹಿಡಿಯುತ್ತದೆ, ಚಿತ್ರ ಅರ್ಧಕ್ಕರ್ಧ ಬದಲಾಗುತ್ತದೆ.

ಗಾಜಿನ ವಿಷಯಕ್ಕೂ ಅದೇ ಔಷಧ. ಗಾಜಿಗೆ ತನ್ನದೇ ಬಣ್ಣ ಅಷ್ಟಿಲ್ಲ, ಎದುರಿಗಿದ್ದುದನ್ನು ತೋರಿಸಿ ಬದುಕುವ ಜಾತಿ. ನೇರ ನಿಂತು ನೋಡಿದರೆ ಒಂದೊಂದು ಮೈಗೆ ನೂರಕ್ಕೆ ನಾಲ್ಕರಷ್ಟು ಬೆಳಕು ಹಿಂದಿರುಗುತ್ತದೆ. ಓರೆಯಾದಷ್ಟೂ ಅದು ಏರುತ್ತ ಹೋಗಿ ಕೊನೆಗೆ ಕನ್ನಡಿಯೇ ಆಗಿಬಿಡುತ್ತದೆ. ಹಗಲಿನಲ್ಲಿ ಮನೆಯ ಕಿಟಕಿ ಹೊರಗಿನವರಿಗೆ ಕಪ್ಪು, ಆ ಕಪ್ಪಿನ ಮೇಲೆ ಎದುರುಮನೆ. ಕೆಳಗಿನ ಕಿಟಕಿಗಳಲ್ಲಿ ಎದುರುಮನೆಯ ಗೇಟು, ನಿಂತ ಸ್ಕೂಟರು. ಮೇಲಿನವುಗಳಲ್ಲಿ ಅವರ ನೀರಿನ ಟ್ಯಾಂಕು, ಮೋಡ. ಅದಕ್ಕೆ ಎದುರುಮನೆಯನ್ನು ಸುಮ್ಮನೆ ಡಬ್ಬಿಯ ಹಾಗಾದರೂ ಕಟ್ಟಿ ಇಡು, ಬಣ್ಣ ಮಾತ್ರ ಅವರ ಮನೆಯದೇ ಇರಲಿ. ಇನ್ನೊಂದು ಗುಟ್ಟು ಹೇಳುತ್ತೇನೆ. ನಿಜದ ಕಿಟಕಿಯಲ್ಲಿ ಒಂದೊಂದು ಗಾಜೂ ಕೂದಲೆಳೆಯಷ್ಟು ಬೇರೆ ಬೇರೆ ದಿಕ್ಕಿಗೆ ವಾಲಿರುತ್ತದೆ, ಹಾಗಾಗಿ ಪಕ್ಕಪಕ್ಕದ ಗಾಜಿನಲ್ಲಿ ಬಿಂಬ ಮುರಿದು ಮುರಿದು ಕಾಣುತ್ತದೆ. ಕಂಪ್ಯೂಟರಿನಲ್ಲಿ ಎಲ್ಲ ಗಾಜೂ ಒಂದೇ ಸಮತಲ. ಒಂದೊಂದನ್ನೂ ಅರ್ಧ ಡಿಗ್ರಿ ಅತ್ತ ಇತ್ತ ತಿರುಗಿಸಿ ನೋಡು, ಬಡಗಿ ಕೂರಿಸಿದ ಹಾಗೆ ಆಗುತ್ತದೆ.

ನೆಲವೂ ದೀಪವೇ. ತುಮಕೂರಿನ ಆ ಕೆಂಪು ಮಣ್ಣು ಬಿಸಿಲಿಗೆ ಕಾದು ನಿಂತಿದ್ದರೆ ಸಜ್ಜಾದ ಅಡಿಭಾಗಕ್ಕೆ ಒಂದು ಮಂದ ಕೆಂಪು ಏರುತ್ತದೆ. ಗೋಡೆಯ ಮೇಲಿನ ನೆರಳಿಗೆ ಆಕಾಶದ ನೀಲಿ, ತಲೆಯ ಮೇಲಿನ ಚಪ್ಪರಕ್ಕೆ ನೆಲದ ಬಿಸುಪು. ಬಣ್ಣದ ಬಟ್ಟಲು ಮುಂದಿಟ್ಟುಕೊಂಡು ಕೂರುತ್ತಿದ್ದ ಕಾಲದಲ್ಲಿ ಇದನ್ನು ಕೈಯಲ್ಲಿ ಬೆರೆಸಿ ಬರೆಯುತ್ತಿದ್ದೆವು. ಕಪ್ಪು ಬಣ್ಣದಲ್ಲಿ ನೆರಳು ಬಳಿದವನಿಗೆ ಗುರುಗಳಿಂದ ಮಂಗಳಾರತಿ. ಬೆಳಕು ಎಲ್ಲಿಂದ ಎಲ್ಲಿಗೆ ಪುಟಿಯುತ್ತದೆ ಎಂಬುದರ ಸಮೀಕರಣವನ್ನು 1986ರಲ್ಲಿ ಜೇಮ್ಸ್ ಕಜಿಯ ಬರೆದಿಟ್ಟ ಮೇಲೆ ಈಗ ಆ ಬೆರಕೆಯನ್ನು ಯಂತ್ರವೇ ಮಾಡುತ್ತದೆ. ಆದರೆ ಪುಟಿಯಲು ನೀನು ನೆಲ ಕೊಟ್ಟಿರಬೇಕಲ್ಲ? ನಿನ್ನ ಮನೆಯ ಸುತ್ತ ಹತ್ತಡಿ ಆದಮೇಲೆ ನೆಲವೇ ಇಲ್ಲ. ಜೊತೆಗೆ ಗೋಡೆಗೆ ಹಾಕಿರುವ ಬಿಳಿ 255. ಹೊಸದಾಗಿ ಬಳಿದ ಬಿಳಿ ಬಣ್ಣವೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರ ಸುಮಾರು ಹಿಂದಿರುಗಿಸೀತು, ಅಷ್ಟೇ. 230 ದಾಟಿಸಬೇಡ. ದಾಟಿಸಿದರೆ ಬಿಸಿಲು ಬಿದ್ದ ಕಡೆ ಗೋಡೆ ಸುಟ್ಟು ಕಾಗದದ ಹಾಗಾಗುತ್ತದೆ, ಮತ್ತೆ ಅಲ್ಲಿ ಏನನ್ನೂ ಬರೆಯಲಾಗದು.

ಇನ್ನು ನೀನು ನಿಂತಿರುವ ಜಾಗ. ಕ್ಯಾಮೆರಾವನ್ನು 12 ಅಡಿ ಎತ್ತರಕ್ಕೆ ಏರಿಸಿ, 18 ಎಂಎಂ ಲೆನ್ಸ್ ಹಾಕಿದ್ದೀಯ. ಲೈನ್‌ಮನ್ ಏಣಿ ಹತ್ತಿದಾಗ ಕಾಣುವ ಮನೆ ಅದು. ಕಣ್ಣಿನ ಮಟ್ಟ ಐದೂಕಾಲು ಅಡಿ, 1.6 ಮೀಟರ್, ಅಲ್ಲಿಗೆ ಇಳಿ. ಸಮತಟ್ಟಾದ ರಸ್ತೆಯಲ್ಲಿ ನಿನ್ನಷ್ಟೇ ಎತ್ತರದವರು ಎಷ್ಟು ದೂರದಲ್ಲಿ ನಿಂತರೂ ಅವರ ಕಣ್ಣು ದಿಗಂತದ ಗೆರೆಯ ಮೇಲೇ ಇರಬೇಕು. ಫ್ಲಾರೆನ್ಸಿನ ಆಲ್ಬರ್ಟಿ 1435ರಲ್ಲಿ ಪರ್ಸ್‌ಪೆಕ್ಟಿವ್ ಬಗ್ಗೆ ಬರೆದಾಗಿನಿಂದ ಈ ನಿಯಮ ಬದಲಾಗಿಲ್ಲ. ನಿನ್ನ ಚಿತ್ರದ ನಾಲ್ವರ ತಲೆಗಳು ನಾಲ್ಕು ಮಟ್ಟದಲ್ಲಿವೆ. ಗೇಟಿನ ಹತ್ತಿರ ನಿಂತವನು ಬಾಗಿಲ ಪಟ್ಟಿಗೆ ತಲೆ ಬಡಿಸಿಕೊಳ್ಳುವಷ್ಟು ಉದ್ದ.

18 ಎಂಎಂ ಯಾಕೆ ಹಾಕಿದೆ ಅಂತ ಗೊತ್ತು, ಹಿಂದೆ ಸರಿಯಲು ಜಾಗವಿಲ್ಲ. ಆದರೆ ಅಷ್ಟು ಅಗಲ ಮಾಡಿದರೆ ಅಂಚಿನಲ್ಲಿರುವುದೆಲ್ಲ ಎಳೆದುಕೊಂಡು ಹೋಗುತ್ತದೆ. ಮೂಲೆಯ ಹೂಕುಂಡ ಮೊಟ್ಟೆಯಾಗಿದೆ, ಕಾರು ಬಸ್ಸಿನಷ್ಟು ಉದ್ದವಾಗಿದೆ ನೋಡು. ಎದುರುಮನೆಯ ಗೋಡೆಗೆ ಬೆನ್ನು ಆನಿಸಿ ನಿಲ್ಲು, ಚೌಕಟ್ಟನ್ನು ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸು, 28 ಅಥವಾ 35 ಎಂಎಂ ಹಾಕು, ಲೆನ್ಸನ್ನು ಮೇಲಕ್ಕೆ ಶಿಫ್ಟ್ ಮಾಡು. ಕ್ಯಾಮೆರಾವನ್ನು ಮೇಲಕ್ಕೆ ಬಗ್ಗಿಸಿದರೆ ಗೋಡೆಗಳು ಒಂದರ ಮೇಲೊಂದು ವಾಲುತ್ತವೆ. ಗುಂಡು ಬಿಟ್ಟು ಕಟ್ಟಿದ ಗೋಡೆಗೆ ಅವಮಾನ ಅದು. ಇನ್ನೂ ಸಾಲದಿದ್ದರೆ ಎದುರುಮನೆಯ ಗೋಡೆಯನ್ನು ತೂರಿ ಅವರ ನಡುಮನೆಯೊಳಗೆ ಹತ್ತಡಿ ಹೋಗಬಹುದು, ಕ್ಲಿಪಿಂಗ್ ಇದೆಯಲ್ಲ, ನಾನೂ ಮಾಡಿದ್ದೇನೆ. ಹಿತ್ತಲ ತನಕ ಹೋಗಬೇಡ. ಅಲ್ಲಿಂದ ಆ ಮನೆಯನ್ನು ಯಾರೂ ಯಾವತ್ತೂ ನೋಡಲಾರರು.

ಈಗ ಕಣ್ಣು ಕಿರಿದು ಮಾಡು. ತಮಾಷೆಯಲ್ಲ, ರೆಪ್ಪೆ ಅರ್ಧ ಮುಚ್ಚಿ ಚಿತ್ರ ನೋಡು. ಇಲ್ಲವೇ ಬಣ್ಣ ತೆಗೆದು ಅಂಚೆಚೀಟಿಯಷ್ಟು ಚಿಕ್ಕದು ಮಾಡು. ಕಪ್ಪು, ಬೂದಿ, ಬಿಳಿ ಅಂತ ಮೂರು ರಾಶಿ ಕಾಣಬೇಕು, ಬಿಳಿಯ ರಾಶಿ ಮನೆಯದಾಗಿರಬೇಕು. ನ್ಯೂಯಾರ್ಕಿನ ಹ್ಯೂ ಫೆರಿಸ್ ಇದ್ದಿಲಿನಲ್ಲಿ ಬರೆದ ಗಗನಚುಂಬಿಗಳನ್ನು ಹುಡುಕಿ ನೋಡು, 1929ರಲ್ಲಿ ಪುಸ್ತಕವಾಗಿ ಬಂದವು. ಕಿಟಕಿ, ಬಾಗಿಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕತ್ತಲಿನಿಂದ ಎದ್ದ ರಾಶಿ, ಅಷ್ಟೆ. ನಿನ್ನ ಚಿತ್ರವನ್ನು ಹಾಗೆ ಕುಗ್ಗಿಸಿದರೆ ಎಲ್ಲ ಒಂದೇ ಬೂದಿ. ಒಂದು ಕೆಂಪು ಕಾರು ಮಾತ್ರ ಕಣ್ಣಿಗೆ ಹೊಡೆಯುತ್ತದೆ, ಅದೂ ಎಡಮೂಲೆಯಲ್ಲಿ. ಮನೆಯ ಚಿತ್ರ ಹೋಗಿ ಕಾರಿನ ಜಾಹೀರಾತಾಗಿದೆ. ಕಾರಿಗೆ ಬೂದು ಬಣ್ಣ ಹೊಡಿ, ಇಲ್ಲ ಹೊರಗೆ ಓಡಿಸು. ಹುಲ್ಲಿನ ಹಸಿರನ್ನೂ ಮೂರರಲ್ಲಿ ಒಂದು ಪಾಲು ಇಳಿಸು. ಅಂಥ ಹಸಿರು ಪ್ಲಾಸ್ಟಿಕ್ ಹಗ್ಗದಲ್ಲಿ ಬಿಟ್ಟರೆ ನಾನೆಲ್ಲೂ ಕಂಡಿಲ್ಲ. ಕಿತ್ತಳೆ ಮೋಡಗಳ ಆ ಆಕಾಶ ಸೂರ್ಯನನ್ನು ಬಲಗಡೆ ತೋರಿಸುತ್ತಿದೆ, ಮನೆಯ ನೆರಳು ಎಡಗಡೆ ಸೂರ್ಯನನ್ನು ಹೇಳುತ್ತಿದೆ. ಎರಡು ಸೂರ್ಯರ ಊರು! ಆಕಾಶ ಸಾದಾ ಇರಲಿ. ಗೋಡೆಯ ಬೆಳಕಿನ ಮೈ ಇರುವ ಕಡೆ ಆಕಾಶ ತುಸು ಗಾಢ, ನೆರಳಿನ ಮೈ ಇರುವ ಕಡೆ ತುಸು ತಿಳಿ. ಆಗ ಗೆರೆ ಎಳೆಯದೆಯೇ ಮನೆಯ ಅಂಚು ಬಿಡಿಸಿಕೊಳ್ಳುತ್ತದೆ.

ಗಿಡಮರಗಳನ್ನು ಹೇಗೆ ಕೂರಿಸಬೇಕೆಂದು ಕೇಳಿದರೆ ಮೇರಿಯನ್ ಮಹೋನಿಯನ್ನು ತೋರಿಸುತ್ತೇನೆ. ಫ್ರಾಂಕ್ ಲಾಯ್ಡ್ ರೈಟ್‌ನ ಹೆಸರಿನಲ್ಲಿ 1910ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾದ ಪ್ರಸಿದ್ಧ ಚಿತ್ರಗಳಲ್ಲಿ ಎಷ್ಟೋ ಈಕೆಯ ಕೈಯವು. 1912ರಲ್ಲಿ ಕ್ಯಾನ್‌ಬೆರಾ ನಗರದ ಸ್ಪರ್ಧೆಯನ್ನು ಗಂಡ ವಾಲ್ಟರ್ ಗ್ರಿಫಿನ್ ಗೆದ್ದದ್ದೂ ಈಕೆ ಬರೆದ ಚಿತ್ರಗಳ ಬಲದಿಂದ. ಕೊನೆಗೆ ಇಬ್ಬರೂ ಕೆಲಸಕ್ಕೆಂದು ನಮ್ಮ ಲಖನೌಗೆ ಬಂದರು, ಗ್ರಿಫಿನ್ 1937ರಲ್ಲಿ ಅಲ್ಲೇ ತೀರಿಕೊಂಡ. ಆಕೆಯ ಚಿತ್ರದಲ್ಲಿ ಎಲೆಗಳು ಮುಂದೆ ಬಂದು ನಿಲ್ಲುತ್ತವೆ, ಕಟ್ಟಡದ ಒಂದು ಪಾಲು ಅವುಗಳ ಹಿಂದೆ ಮರೆಯಾಗುತ್ತದೆ. ಮರೆಯಾದದ್ದರಿಂದಲೇ ಅದು ಅಲ್ಲಿದೆ ಅನ್ನಿಸುತ್ತದೆ. ನಿನ್ನ ಗಿಡಗಳು ಮದುವೆಮನೆಯ ಸ್ವಾಗತ ಸಮಿತಿಯವರಂತೆ ಎರಡೂ ಕಡೆ ಸರಿದು ದಾರಿ ಬಿಟ್ಟಿವೆ. ಒಂದು ಕೊಂಬೆಯಾದರೂ ಮನೆಗೆ ಅಡ್ಡ ಬರಲಿ.

ಮೂಲೆಗಳನ್ನು ಸ್ವಲ್ಪ ಮುರಿ. ಗಾರೆಯ ಮೂಲೆ ಎಷ್ಟೇ ಚೂಪೆಂದರೂ ಮೂರು ನಾಲ್ಕು ಮಿಲಿಮೀಟರ್ ದುಂಡಗಿರುತ್ತದೆ, ಆ ದುಂಡಿಗೆ ಬೆಳಕಿನ ಸಣ್ಣ ನೂಲು ಹಿಡಿಯುತ್ತದೆ. ಕಲ್ಲಿನ ಟೆಕ್ಸ್‌ಚರ್ ಎರಡನೆಯ ಸಾಲಿಗೇ ಮರುಕಳಿಸಿದೆ. ಹೃದಯದ ಆಕಾರದ ಒಂದು ಮಚ್ಚೆ ಒಂಬತ್ತು ಸಲ ಬಂದದ್ದನ್ನು ಎಣಿಸಿದೆ. ಇನ್ನು ಮಳೆ. ಆ ಗೋಡೆಗೆ ಮಳೆ ಎಂಬುದೇ ಬಿದ್ದಿಲ್ಲ. ಕಿಟಕಿಯ ಕೆಳಗಿನ ಕಲ್ಲಿನ ಎರಡು ತುದಿಯಿಂದ ನೀರು ಇಳಿದು ಮೀಸೆಯಂತೆ ಎರಡು ಗೆರೆ ಬಿಡುತ್ತದೆ. ಪ್ಯಾರಪೆಟ್ಟಿನ ತಲೆ ಮೊದಲು ಕಪ್ಪಾಗುತ್ತದೆ. ಮಣ್ಣಿನ ನೆಲದ ಪಕ್ಕದ ಗೋಡೆಗೆ ಒಂದಡಿ ಎತ್ತರಕ್ಕೆ ಕೆಸರು ಸಿಡಿದಿರುತ್ತದೆ. ಲಂಡನ್ನಿನಲ್ಲಿ ಜೋಸೆಫ್ ಗ್ಯಾಂಡಿ ಎಂಬಾತ 1830ರಲ್ಲಿ ಸರ್ ಜಾನ್ ಸೋನ್‌ಗಾಗಿ ಬ್ಯಾಂಕ್ ಆಫ್ ಇಂಗ್ಲೆಂಡ್ ಕಟ್ಟಡವನ್ನು ಪಾಳುಬಿದ್ದ ಹಾಗೆ ಬರೆದುಕೊಟ್ಟಿದ್ದ. ನಿನಗೆ ಅಷ್ಟು ಧೈರ್ಯ ಬೇಡ. ಹೊಸ ಮನೆ, ಗೃಹಪ್ರವೇಶದ ಚಿತ್ರ, ಯಜಮಾನರು ಬೇಜಾರಾಗುತ್ತಾರೆ. ಒಂದು ಮಳೆಗಾಲದಷ್ಟು, ಕಂಡೂ ಕಾಣದ ಹಾಗೆ.

ಜನರ ಬಗ್ಗೆ ನನ್ನದೇ ಒಂದು ಪಾಪ ಹೇಳಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ಅಪಾರ್ಟ್‌ಮೆಂಟುಗಳ ಚಿತ್ರ ಬರೆಯುವಾಗ ಆರಡಿ ಗಂಡಸನ್ನು ಐದಡಿಗೆ ಇಳಿಸುತ್ತಿದ್ದೆ. ಕಾರುಗಳನ್ನೂ ಕುಗ್ಗಿಸುತ್ತಿದ್ದೆ. ಕಟ್ಟಡ ತಾನಾಗಿ ಭವ್ಯವಾಗುತ್ತಿತ್ತು, ಬಿಲ್ಡರಿಗೆ ಸಂತೋಷ. ಎಲ್ಲರೂ ಮಾಡುತ್ತಿದ್ದರು ಅನ್ನುವುದು ಸಮಾಧಾನ, ಸಮಜಾಯಿಷಿ ಅಲ್ಲ. ಒಂದು ಯೋಜನೆಯಲ್ಲಿ ಮುಂದುಗಡೆ ಒಂದು ದೊಡ್ಡ ಮಳೆಮರ ಇತ್ತು. ಅದನ್ನು ನಾನು ಎರಡು ದಿನ ಕೂತು, ಒಂದೊಂದು ರೆಂಬೆಯನ್ನೂ ಪ್ರೀತಿಯಿಂದ ಬರೆದೆ. ಕಾರುಗಳು ಒಳಹೋಗುವ ದಾರಿಗೆ ಅದನ್ನು ಕಡಿಯುತ್ತಾರೆಂದು ಪ್ಲಾನಿನಲ್ಲಿ ಚುಕ್ಕಿಗೆರೆ ಹಾಕಿದ್ದು ನನ್ನ ಮುಂದೆಯೇ ಇತ್ತು. ಮನೆ ಕೊಂಡ ವಯಸ್ಸಾದ ಮೇಷ್ಟ್ರೊಬ್ಬರು ಮೂರು ವರ್ಷದ ಮೇಲೆ ಬ್ರೋಷರು ಹಿಡಿದು, ಅದರ ಮೂಲೆಯ ಸಹಿಯಿಂದ ವಿಚಾರಿಸಿಕೊಂಡು ನನ್ನ ರೂಮಿಗೆ ಬಂದರು. ಬೈಯಲಿಲ್ಲ. "ಈ ಮರ ಎಲ್ಲಿದೆ ಸ್ವಾಮಿ? ನನ್ನ ಹೆಂಡತಿ ಇದರ ಕೆಳಗೆ ಕೂರಬಹುದು ಅಂತ ಆ ಮನೆ ಒಪ್ಪಿದ್ದಳು" ಎಂದರು. ಕಾಫಿ ತರಿಸಿದೆ, ಕುಡಿಯದೆ ಹೋದರು. 2016ರ ರೇರಾ ಕಾಯ್ದೆ ಬಂದ ಮೇಲೆ ಸುಳ್ಳು ಜಾಹೀರಾತು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು ಅಂತಾಗಿದೆ. ಆ ಸುಳ್ಳಿಗೆ ಬಣ್ಣ ಬಳಿದವನನ್ನು ಯಾರೂ ಕೇಳುವುದಿಲ್ಲ, ಈಗಲೂ.

ಅದಕ್ಕೇ ಕೇಳುತ್ತಿದ್ದೇನೆ, ಆ ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯಾ? ಕಂಬ, ತಂತಿ? ಎಲ್ಲವನ್ನೂ ಹಾಕು ಅನ್ನುತ್ತಿಲ್ಲ. ಒಂದು ಕಂಬ, ಎರಡು ತಂತಿ ಆಕಾಶವನ್ನು ಕತ್ತರಿಸಿ ಹೋದರೆ ಚಿತ್ರಕ್ಕೆ ಊರಿನ ವಿಳಾಸ ಬರುತ್ತದೆ. ಜನ ಎಂದರೆ ಸೂಟು ಹಾಕಿ ಬ್ರೀಫ್‌ಕೇಸ್ ಹಿಡಿದ ಆ ಬಿಳಿಯರನ್ನು ದಯವಿಟ್ಟು ವಾಪಸು ಕಳಿಸು. ಬೆಳಗ್ಗೆ ಏಳೂವರೆಗೆ ಆ ಗೇಟಿನ ಮುಂದೆ ಯಾರಿರುತ್ತಾರೆ? ರಂಗೋಲಿ ಮುಗಿಸಿ ಸೊಂಟಕ್ಕೆ ಕೈಯಿಟ್ಟು ನೋಡುವ ಹೆಂಗಸು, ಸೊಪ್ಪಿನ ಗಾಡಿ. ಜೂಲಿಯಸ್ ಶುಲ್ಮನ್ 1960ರಲ್ಲಿ ಲಾಸ್ ಏಂಜಲೀಸಿನಲ್ಲಿ ತೆಗೆದ ಗಾಜಿನ ಮನೆಯ ಫೋಟೋ ನೋಡಿರುತ್ತೀಯ, ಇಬ್ಬರು ಹೆಂಗಸರು ಕೂತು ಮಾತಾಡುತ್ತಿದ್ದಾರೆ, ಕೆಳಗೆ ಊರಿನ ದೀಪಗಳ ಕಡಲು. ಅದನ್ನೂ ಹೂಡಿಯೇ ತೆಗೆದದ್ದು. ಊರಿನ ದೀಪಗಳಿಗೆಂದು ನಿಮಿಷಗಟ್ಟಲೆ ಕಾದು, ಆಮೇಲೆ ಒಳಗಿನವರಿಗೆ ಒಂದು ಫ್ಲ್ಯಾಶ್. ಆದರೂ ಆ ಇಬ್ಬರು ನಮ್ಮ ಕಡೆ ನೋಡುತ್ತಿಲ್ಲ, ಅವರ ಪಾಡಿಗೆ ಅವರಿದ್ದಾರೆ.

ಸಾಫ್ಟ್‌ವೇರ್ ಬದಲಿಸಲೇ ಅಂತ ಕೇಳಿದ್ದೆ. ಬೇಡ. 2009ರಲ್ಲಿ ಅಲೆಕ್ಸ್ ರೋಮನ್ ಎಂಬ ಸ್ಪೇನಿನವನು ಹೆಚ್ಚುಕಡಿಮೆ ಒಬ್ಬನೇ ಕೂತು "ದಿ ಥರ್ಡ್ ಅಂಡ್ ದಿ ಸೆವೆಂತ್" ಎಂಬ ಕಂಪ್ಯೂಟರ್ ಕಿರುಚಿತ್ರ ಮಾಡಿದಾಗ ಇದ್ದ ಸಲಕರಣೆ ಇವತ್ತು ನಿನ್ನ ಲ್ಯಾಪ್‌ಟಾಪಿನಲ್ಲಿ ಇರುವುದಕ್ಕಿಂತ ಹಳತು. ಅದನ್ನು ಮೊದಲ ಸಲ ನೋಡಿದಾಗ ನಾನು ಫೋಟೋಗ್ರಾಫರ್ ಯಾರು ಅಂತ ಕೇಳಿದ್ದೆ. ಎಐಗೆ ಕೊಟ್ಟು "ಚೆಂದ ಮಾಡಿಸುವ" ಚಾಳಿಯನ್ನೂ ನೋಡುತ್ತಿದ್ದೇನೆ. ಆಕಾಶ, ಎಲೆ ಚೆನ್ನಾಗಿಯೇ ಮಾಡುತ್ತದೆ. ನಡುವೆ ಯಾವಾಗಲೋ ಐದು ಕಂಬಿಯ ಗ್ರಿಲ್ಲಿಗೆ ಏಳು ಕಂಬಿ ಬಂದಿರುತ್ತವೆ, ಮೇಸ್ತ್ರಿ ಆ ಚಿತ್ರವನ್ನೇ ಫೋನಿನಲ್ಲಿ ಇಟ್ಟುಕೊಂಡು ಕಟ್ಟುತ್ತಾನೆ. ಎಣಿಸಿ ನೋಡದೆ ಕಳಿಸಬೇಡ.

ಇದೇ ಭಾನುವಾರ ತುಮಕೂರಿಗೆ ಮೊದಲ ಬಸ್ಸಿಗೆ ಹೋಗಿಬಾ. ಏಳೂವರೆಗೆ ಸೈಟಿನ ಬಾಗಿಲ ಜಾಗದಲ್ಲಿ ನಿಂತು, ಸೈಟಿಗೆ ಬೆನ್ನು ಮಾಡಿ, ಎಡದಿಂದ ಬಲಕ್ಕೆ ಹತ್ತು ಫೋಟೋ ತೆಗೆ. ನೆಲದ್ದೊಂದು, ಆಕಾಶದ್ದೊಂದು. ಎದುರುಮನೆಯವರು ಯಾರೆಂದು ಕೇಳಿದರೆ ಹೇಳು, ಕಾಫಿ ಕೊಟ್ಟರೆ ಕುಡಿ. ಅವರ ಗೇಟು ಯಾವ ಬಣ್ಣ, ಮುಂದೆ ಮರವಿದ್ದರೆ ಅದು ಅವರದೋ ಪಾಲಿಕೆಯದೋ, ರಸ್ತೆ ಅಗಲ ಮಾಡುವಾಗ ಕಡಿಯುವ ಮಾತೇನಾದರೂ ಇದೆಯೋ, ಎಲ್ಲ ಕೇಳಿಕೊಂಡು ಬಾ. ಸಂಜೆ ನಮ್ಮನೆಗೇ ಬಂದುಬಿಡು, ದೊಡ್ಡಮ್ಮ ಅಕ್ಕಿರೊಟ್ಟಿ ಮಾಡುತ್ತಾಳಂತೆ. ಆ ಗಾಜನ್ನು ಇಬ್ಬರೂ ಕೂತು ಸರಿ ಮಾಡೋಣ.

ನಿನ್ನ
ದೊಡ್ಡಪ್ಪ